ಕೆಂಗೇರಿಯಿಂದ ಪಟ್ಟಂದೂರು ಅಗ್ರಹಾರಕ್ಕೆ: ಒಂದು ನೋಟ್‌ಬುಕ್ಕಿನ ಲೆಕ್ಕ

ಮನೆ ಕೆಂಗೇರಿ ಉಪನಗರದಲ್ಲಿ, ಕಚೇರಿ ಪಟ್ಟಂದೂರು ಅಗ್ರಹಾರದ ಬಳಿ. ಬೆಂಗಳೂರನ್ನು ಬಲ್ಲವರಿಗೆ ಇಷ್ಟು ಹೇಳಿದರೆ ಸಾಕು; ಉಳಿದವರಿಗೆ, ಒಂದು ನಗರದ ಪಶ್ಚಿಮದ ಅಂಚು, ಇನ್ನೊಂದು ಪೂರ್ವದ ಅಂಚು. ಏಳು ವರ್ಷ ಈ ದೂರವನ್ನು ಸ್ಕೂಟರಿನಲ್ಲೇ ಕ್ರಮಿಸಿದೆ. ನಾಯಂಡಹಳ್ಳಿ, ಟೌನ್‌ಹಾಲ್, ರಿಚ್‌ಮಂಡ್ ರಸ್ತೆ, ದೊಮ್ಮಲೂರು, ಮಾರತಹಳ್ಳಿ ಸೇತುವೆ, ಕುಂದಲಹಳ್ಳಿ ಗೇಟ್, ಇವುಗಳಲ್ಲಿ ಒಂದು ಕಡೆ ವಾಹನಗಳು ಕಟ್ಟಿಕೊಂಡರೂ ಅಂದಿನ ಲೆಕ್ಕವೆಲ್ಲ ತಪ್ಪುತ್ತಿತ್ತು. ಒಳ್ಳೆಯ ದಿನ ಒಂದೂವರೆ ಗಂಟೆ ಸಾಕಾದರೆ ಕೆಟ್ಟ ದಿನ ಮೂರು ಗಂಟೆಯಾಗುತ್ತಿತ್ತು. ಇಂದು ಎಂಥ ದಿನವೆಂಬುದು ಮನೆ ಬಿಡುವಾಗ ತಿಳಿಯದ ಕಾರಣ, ಹತ್ತಕ್ಕೆ ಕೆಲಸವಿದ್ದರೂ ಏಳಕ್ಕೇ ಹೊರಡುತ್ತಿದ್ದೆ.

ಕೆಂಗೇರಿಗೆ ಮೆಟ್ರೊ 2021ರ ಆಗಸ್ಟ್‌ನಲ್ಲೇ ಬಂದಿತ್ತು. 2023ರ ಮಾರ್ಚ್ 25ರಂದು ಕಚೇರಿಯ ಕಡೆಯ ಕೆ.ಆರ್.ಪುರ–ವೈಟ್‌ಫೀಲ್ಡ್ ಭಾಗವೂ ಉದ್ಘಾಟನೆಯಾದಾಗ, ಮರು ಸೋಮವಾರವೇ ಸ್ಕೂಟರನ್ನು ಮನೆಯಲ್ಲಿ ಬಿಟ್ಟು ಹೊರಟೆ. ಆದರೆ ಬೈಯಪ್ಪನಹಳ್ಳಿಗೂ ಕೆ.ಆರ್.ಪುರಕ್ಕೂ ನಡುವಿನ ಸುಮಾರು ಎರಡು ಕಿಲೋಮೀಟರ್ ಮಾರ್ಗ ಇನ್ನೂ ತೆರೆದಿರಲಿಲ್ಲ. ಅಲ್ಲಿ ರೈಲಿನಿಂದ ಇಳಿದು ಫೀಡರ್ ಬಸ್ ಹತ್ತಿ, ಟಿನ್ ಫ್ಯಾಕ್ಟರಿ ಜಂಕ್ಷನ್ನಿನ ವಾಹನ ದಟ್ಟಣೆಯನ್ನು ದಾಟಿ, ಮತ್ತೆ ರೈಲು ಹಿಡಿಯಬೇಕಿತ್ತು. ಉಳಿದ ದೂರವನ್ನೆಲ್ಲ ಗಡಿಯಾರದಂತೆ ಕ್ರಮಿಸುತ್ತಿದ್ದ ನನಗೆ ಈ ಎರಡು ಕಿಲೋಮೀಟರಿಗೆ ಕೆಲವು ದಿನ ಹನ್ನೆರಡು ನಿಮಿಷ ಸಾಕಾಗುತ್ತಿತ್ತು, ಕೆಲವು ದಿನ ನಲವತ್ತೂ ಸಾಲುತ್ತಿರಲಿಲ್ಲ. ಬೇಸತ್ತು ಎರಡು ಬಾರಿ ಬಸ್ಸಿನಿಂದ ಇಳಿದು ನಡೆದೇ ಹೋದೆ. ಎರಡು ಸಲವೂ ಬಸ್ಸಿಗಿಂತ ಮೊದಲೇ ತಲುಪಿದೆನೆಂಬುದು ಸಮಾಧಾನವೋ ಸಂಕಟವೋ ತಿಳಿಯಲಿಲ್ಲ. ಆ ಕೊಂಡಿ 2023ರ ಅಕ್ಟೋಬರ್ 9ರ ಬೆಳಗ್ಗೆ ಸಮಾರಂಭವೇನೂ ಇಲ್ಲದೆ ತೆರೆಯಿತು. ಅಂದು ಬೆನ್ನಿಗಾನಹಳ್ಳಿಯಲ್ಲಿ ರೈಲು ಹಳಿಗಳ ಮೇಲಿನ ಉಕ್ಕಿನ ಸೇತುವೆಯನ್ನು ದಾಟುವಾಗ ಬೋಗಿಯಲ್ಲಿದ್ದವರೆಲ್ಲ ಮೊಬೈಲಿನಿಂದ ತಲೆಯೆತ್ತಿ ಹೊರಗೆ ನೋಡಿದರು.

ನಾನು ನೋಟ್‌ಬುಕ್ ಇಡಲು ಆರಂಭಿಸಿದ್ದು ಆ ವಾರದಿಂದ. ಮನೆ ಬಿಟ್ಟ ಸಮಯ, ರೈಲು ಹತ್ತಿದ್ದು, ಇಳಿದದ್ದು, ಕಚೇರಿಯ ಮೇಜು ಸೇರಿದ್ದು, ಹೀಗೆ ನಾಲ್ಕು ಕಾಲಂ. ಎರಡು ತಿಂಗಳ ಬಳಿಕ ನೋಡಿದರೆ ರೈಲಿನೊಳಗಿನ ಸಮಯ ಐದು ನಿಮಿಷಕ್ಕಿಂತ ಹೆಚ್ಚು ಆಚೀಚೆಯಾಗಿರಲಿಲ್ಲ. ಏರುಪೇರೆಲ್ಲ ಎರಡು ತುದಿಗಳಲ್ಲಿತ್ತು. ಮನೆಯಿಂದ ನಿಲ್ದಾಣಕ್ಕೆ ಆಟೊ ಸಿಕ್ಕಿದರೆ ಆರು ನಿಮಿಷ, ಸಿಗದಿದ್ದರೆ ಇಪ್ಪತ್ತೈದು. ಮೀಟರ್ ಮೇಲೆ ಇಷ್ಟು ಕೊಡಿ ಎಂಬ ಚೌಕಾಸಿಯ ಸಮಯವೂ ಅದರಲ್ಲಿ ಸೇರಿದೆ. ಆದ್ದರಿಂದ ಆಟೊ ಬಿಟ್ಟು ನಡೆಯತೊಡಗಿದೆ. ಒಂದೂವರೆ ಕಿಲೋಮೀಟರಿಗೆ ಹದಿನೆಂಟು ನಿಮಿಷ, ಮಳೆ ಬಂದರೆ ಇಪ್ಪತ್ತು. ಇನ್ನೊಂದು ತುದಿಯಲ್ಲಿ ಶೇರ್ ಆಟೊ ಇದೆ, ಅದು ತುಂಬುವವರೆಗೆ ಕಾಯಬೇಕು.

ಈಗ ಒಟ್ಟು ಪ್ರಯಾಣ ಒಂದು ಗಂಟೆ ಐವತ್ತೈದು ನಿಮಿಷ. ಒಳ್ಳೆಯ ದಿನದ ಸ್ಕೂಟರಿಗೆ ಹೋಲಿಸಿದರೆ ಇದು ನಿಧಾನವೆಂಬುದನ್ನು ಮುಚ್ಚಿಡುವುದಿಲ್ಲ. ಆದರೂ ನಾನು ಮನೆ ಬಿಡುವುದು ಏಳಕ್ಕಲ್ಲ, ಎಂಟಕ್ಕೆ. ಕೆಟ್ಟ ದಿನಕ್ಕೆಂದು ನಿತ್ಯವೂ ಮೀಸಲಿಡುತ್ತಿದ್ದ ಒಂದು ಗಂಟೆ ಮನೆಗೇ ಉಳಿಯಿತು. ಮಗಳನ್ನು ಶಾಲೆಯ ವ್ಯಾನು ಹತ್ತಿಸುವ ಕೆಲಸ ಈಗ ನನ್ನದು.

ಹಣವೇನೂ ಉಳಿದಿಲ್ಲ. 2025ರ ಫೆಬ್ರವರಿಯ ದರ ಏರಿಕೆಯಲ್ಲಿ ಗರಿಷ್ಠ ಟಿಕೆಟ್ 60 ರೂಪಾಯಿಯಿಂದ 90ಕ್ಕೆ ಏರಿತು. ಸ್ಮಾರ್ಟ್ ಕಾರ್ಡಿನ ಶೇ 5ರ ರಿಯಾಯಿತಿ ಕಳೆದರೂ ಹೋಗಿಬರಲು 171 ರೂಪಾಯಿ ಬೇಕು. ಸ್ಕೂಟರಿಗೆ ದಿನಕ್ಕೆ ಒಂದೂವರೆ ಲೀಟರ್ ಪೆಟ್ರೋಲ್ ಹಿಡಿಯುತ್ತಿತ್ತು, ಅದಕ್ಕೂ ಹೆಚ್ಚುಕಡಿಮೆ ಇಷ್ಟೇ ಖರ್ಚು. ಇಬ್ಬರು ಒಂದೇ ಸ್ಕೂಟರಿನಲ್ಲಿ ಹೋಗುವವರಿಗೆ ಮೆಟ್ರೊ ಖಂಡಿತ ದುಬಾರಿ. ಅಂಥ ಇಬ್ಬರು ಸಹೋದ್ಯೋಗಿಗಳು ರಸ್ತೆಗೇ ಮರಳಿದಾಗ ನಾನು ವಾದಿಸಲಿಲ್ಲ.

ಬೆಳಗ್ಗೆ ಚಲ್ಲಘಟ್ಟದಿಂದ ಹೊರಟ ರೈಲಿಗೆ ಕೆಂಗೇರಿ ಎರಡನೆಯ ನಿಲ್ದಾಣವಾದ್ದರಿಂದ ಸೀಟು ಸಿಗುತ್ತದೆ. ಸಂಜೆಯದು ಬೇರೆ ಕಥೆ. ಆಗ ಬಾಗಿಲ ಬಳಿ ನಿಲ್ಲದೆ ಸೀಟುಗಳ ಸಾಲಿನ ನಡುವೆ ಒಳಕ್ಕೆ ಸರಿದು ನಿಲ್ಲುತ್ತೇನೆ. ಮೆಜೆಸ್ಟಿಕ್ಕಿನಲ್ಲಿ ಹಸಿರು ಮಾರ್ಗಕ್ಕೆ ಹೋಗುವವರು ಎದ್ದಾಗ ಅಲ್ಲಿ ನಿಂತವರಿಗೇ ಜಾಗ ಸಿಗುವುದು. ಬಾಗಿಲಲ್ಲಿದ್ದವರು ಇಳಿಯುವ ಗುಂಪಿನ ಜೊತೆ ಪ್ಲಾಟ್‌ಫಾರ್ಮಿಗೆ ತಳ್ಳಿಸಿಕೊಂಡು ಮತ್ತೆ ಹತ್ತುವಷ್ಟರಲ್ಲಿ ಸೀಟುಗಳೆಲ್ಲ ತುಂಬಿರುತ್ತವೆ.