ನಡುಮನೆಯ ಮೂಲೆಯಲ್ಲಿ ಪಟ್ಟದ ಗೊಂಬೆ: ನನ್ನ ಅನುಭವ

ಕಳೆದ ನವರಾತ್ರಿಯಲ್ಲಿ ನಮ್ಮ ಮನೆಯ ಗೊಂಬೆಗಳು ಪಾಡ್ಯದಿಂದ ವಿಜಯದಶಮಿಯವರೆಗೆ ನಡುಮನೆಯ ಮೂಲೆಯಲ್ಲಿ ಅಲುಗದೆ ಕುಳಿತಿದ್ದವು. ಒಂದು ಹಲಗೆಯೂ ಬಾಗಲಿಲ್ಲ, ಒಂದು ಗೊಂಬೆಯೂ ಉರುಳಲಿಲ್ಲ. ಮೂಲೆಯಲ್ಲಿ ಮೆಟ್ಟಿಲು ನಿಲ್ಲುವುದಿಲ್ಲವೆಂದು ಬಡಗಿ ಹೇಳಿದ್ದರು; ನೋಟಕ್ಕೆ ಚೆನ್ನಾಗಿರುವುದಿಲ್ಲವೆಂದು ಓರಗಿತ್ತಿ ಹೇಳಿದ್ದರು; ಅತ್ತೆಯವರಂತೂ ಎರಡು ವರ್ಷ ಮಾತೇ ಎತ್ತಗೊಡಲಿಲ್ಲ. ಈಗ ಮೂವರೂ ಒಪ್ಪಿರುವುದರಿಂದ, ನನ್ನಂತೆ ಫ್ಲ್ಯಾಟಿನಲ್ಲಿ ಗೊಂಬೆ ಕೂರಿಸುವವರಿಗೆ ಉಪಯೋಗವಾಗಲೆಂದು ಮಾಡಿದ್ದನ್ನೆಲ್ಲ ಬರೆದಿಡುತ್ತಿದ್ದೇನೆ. ಲೆಕ್ಕಗಳನ್ನು ನೆನಪಿನಿಂದ ಕೊಡುತ್ತಿರುವುದರಿಂದ ನೂರಿನ್ನೂರು ರೂಪಾಯಿ ಆಚೀಚೆ ಇರಬಹುದು.

ಅತ್ತೆಯವರು ಮೈಸೂರಿನ ಹಳೆಯ ಮನೆಯಲ್ಲಿ ಏಳು ಮೆಟ್ಟಿಲು ಕೂರಿಸುತ್ತಿದ್ದವರು. ಅವರು ಬೆಂಗಳೂರಿಗೆ ಬಂದಾಗ ಎರಡು ಟ್ರಂಕು ಗೊಂಬೆಗಳೂ ಜೊತೆಗೆ ಬಂದವು. ನನ್ನ ತವರಿನವು ಸೇರಿ ಎಲ್ಲ ಎಣಿಸಿದರೆ 140ರ ಹತ್ತಿರವಿವೆ. ಪಟ್ಟದ ಗೊಂಬೆ ಎರಡು ಜೋಡಿ: ಒಂದು ಅತ್ತೆಯವರ ಮದುವೆಯದು, ಇನ್ನೊಂದು ನನ್ನ ಮದುವೆಯಲ್ಲಿ ಅಮ್ಮ ಕೊಟ್ಟದ್ದು. ಗಿರಿನಗರದ ನಮ್ಮ ನಡುಮನೆ ಹದಿನಾಲ್ಕು ಅಡಿಗೆ ಹತ್ತು ಅಡಿ. ಉದ್ದದ ಒಂದು ಗೋಡೆಯನ್ನು ಬಾಲ್ಕನಿಯ ಬಾಗಿಲು ತಿಂದರೆ, ಇನ್ನೊಂದು ಗೋಡೆಯಲ್ಲಿ ಕೋಣೆಗಳಿಗೆ ಹೋಗುವ ದಾರಿಯಿದೆ.

ಮೊದಲ ವರ್ಷ ಟ್ರಂಕು ಮತ್ತು ರಟ್ಟಿನ ಪೆಟ್ಟಿಗೆಗಳನ್ನು ಜೋಡಿಸಿ ಪಂಚೆ ಹೊದಿಸಿದೆ. ಮೂರನೆಯ ದಿನಕ್ಕೆ ರಟ್ಟು ಕುಸಿದು ಶೆಟ್ಟಿ ದಂಪತಿ ಗೊಂಬೆಗಳ ಅಂಗಡಿಯ ಅಕ್ಕಿ ಬೇಳೆಗಳೆಲ್ಲ ಒಂದಾದವು. ಎರಡನೆಯ ವರ್ಷ ಏಳು ಮೆಟ್ಟಿಲಿನ, ಮಡಚುವ ಕಬ್ಬಿಣದ ಸ್ಟ್ಯಾಂಡನ್ನು 8,500 ರೂಪಾಯಿ ಕೊಟ್ಟು ತಂದೆ. ಅದನ್ನು ಬಿಡಿಸಿ ನಿಲ್ಲಿಸಿದಾಗ ಬಾಲ್ಕನಿಯ ಬಾಗಿಲು ಅರ್ಧಕ್ಕೇ ನಿಂತಿತು. ಹತ್ತು ದಿನವೂ ಬಟ್ಟೆ ಒಣಗಿಸಲು ಅಡ್ಡಡ್ಡಲಾಗಿ ನುಸುಳಿ ಹೋಗಬೇಕಾಯಿತು. ಮರುವರ್ಷ ಅದನ್ನು 3,000ಕ್ಕೆ ಮಾರಿದೆ.

ಆಗ ಕಣ್ಣಿಗೆ ಬಿದ್ದದ್ದು ನಾವು ಕುರ್ಚಿಯೊಂದನ್ನು ಬಿಟ್ಟು ಬೇರೇನೂ ಇಡದ ಮೂಲೆ. ಅತ್ತೆಯವರಿಗೆ ಹೇಳಿದರೆ, "ಪಟ್ಟದ ಗೊಂಬೆಗಳನ್ನೇ ಮೂಲೆಗುಂಪು ಮಾಡುತ್ತೀಯೇನಮ್ಮ?" ಎಂದು ಕೇಳಿದರು. ಆ ಮಾತು ನನಗೆ ನಾಟಿತು, ಏಕೆಂದರೆ ಅವರ ಪಾಲಿಗೆ ಆ ರಾಜ ರಾಣಿಯರು ಅಲಂಕಾರದ ಸಾಮಾನಲ್ಲ, ತವರಿನಿಂದ ಜೊತೆಗೆ ಬಂದವರು. ಎರಡು ವರ್ಷ ಕಳೆದ ಮೇಲೆ ದಿಕ್ಸೂಚಿ ಹಿಡಿದು ನೋಡಿದಾಗ ಅದು ನೈಋತ್ಯದ ಮೂಲೆಯೆಂದು ತಿಳಿಯಿತು. ಅಲ್ಲಿ ಕುಳಿತ ಗೊಂಬೆಗಳು ಈಶಾನ್ಯಕ್ಕೆ ಮುಖ ಮಾಡುತ್ತವೆ, ವಾಸ್ತುವಿನ ಪ್ರಕಾರ ಮನೆಯ ಭಾರ ಬೀಳಬೇಕಾದದ್ದೂ ನೈಋತ್ಯಕ್ಕೇ. ಅತ್ತೆಯವರು ಇದನ್ನು ಕೇಳಿ ಒಂದು ದಿನ ಯೋಚಿಸಿ, "ಮೆಟ್ಟಿಲು ಬೆಸ ಸಂಖ್ಯೆಯಲ್ಲಿರಲಿ, ಕಳಶ ಎಲ್ಲಕ್ಕಿಂತ ಮೇಲಿರಲಿ" ಎಂಬ ಎರಡು ಷರತ್ತು ಹಾಕಿ ಒಪ್ಪಿದರು.

ಅಳತೆಯಲ್ಲಿ ಒಂದು ಸೊಗಸಾದ ಅನುಕೂಲವಿದೆ. ಮೂಲೆ ಸರಿಯಾದ ಲಂಬಕೋನವಾಗಿದ್ದರೆ, ಮೂಲೆಯಿಂದ ಹಲಗೆಯ ಮುಂದಿನ ಅಂಚಿನ ನಟ್ಟನಡುವಿಗೆ ಎಷ್ಟು ಇಂಚಿದೆಯೋ ಅದರ ಎರಡರಷ್ಟು ಆ ಹಲಗೆಯ ಉದ್ದ. ನಾನು ಮೆಟ್ಟಿಲಿಗೆ 8 ಇಂಚು ಅಗಲ, 9 ಇಂಚು ಏರು ಇಟ್ಟುಕೊಂಡೆ. ಮೇಲಿನಿಂದ ಕೆಳಕ್ಕೆ ಹಲಗೆಗಳ ಉದ್ದ 32, 48, 64, 80, 96 ಇಂಚು; ಎರಡೂ ತುದಿಗಳನ್ನು 45 ಡಿಗ್ರಿಗೆ ಕತ್ತರಿಸಬೇಕು. ಪ್ಲೈವುಡ್ಡಿನ ಹಾಳೆ ಎಂಟು ಅಡಿಗೆ ನಾಲ್ಕು ಅಡಿ ಬರುವುದರಿಂದ ಎಂಟು ಇಂಚಿನ ನಾಲ್ಕು ಪಟ್ಟಿಗಳಲ್ಲಿ ಐದೂ ಹಲಗೆಗಳು ಮುಗಿದವು, ಉಳಿದ ತುಂಡು ಆಧಾರಗಳಿಗಾಯಿತು. ಒಂದೇ ಹಾಳೆಯಲ್ಲಿ ಇಷ್ಟನ್ನು ಹೊಂದಿಸಿದ್ದಕ್ಕೆ ನನಗೆ ಇಂದಿಗೂ ಹೆಮ್ಮೆಯಿದೆ. ಒಟ್ಟು 26 ಅಡಿಗೂ ಹೆಚ್ಚು ಉದ್ದದ ಜಾಗ ಸಿಕ್ಕಿತು, ನೆಲದಲ್ಲಿ ಹೋದದ್ದು 16 ಚದರಡಿ. ಮೇಲಿನ ಹಲಗೆಯ ಹಿಂದೆ ಮೂಲೆಯಲ್ಲಿ ಉಳಿಯುವ ಸಣ್ಣ ತ್ರಿಕೋನದಲ್ಲಿ ಮಣೆಯಿಟ್ಟು ಕಳಶ ಕೂರಿಸಿದೆ. ಅದು ಮೆಟ್ಟಿಲಿನ ಲೆಕ್ಕಕ್ಕೆ ಬರುವುದಿಲ್ಲವೆಂದು ಅತ್ತೆಯವರೇ ತೀರ್ಮಾನಿಸಿದರು.

ಆದರೆ ಆ ವರ್ಷವೂ ಸೋತೆ. ಹಣ ಉಳಿಸಲೆಂದು 12 ಮಿಲಿಮೀಟರಿನ ಪ್ಲೈ ತಂದು, ನಾಲ್ಕು ಅಡಿಗೊಂದರಂತೆ ಆಧಾರ ಕೊಟ್ಟಿದ್ದೆ. ದುರ್ಗಾಷ್ಟಮಿಯ ರಾತ್ರಿಯ ಹೊತ್ತಿಗೆ ಕೆಳಗಿನ ಹಲಗೆ ಬೆರಳಿನಷ್ಟು ಬಾಗಿ, ದಶಾವತಾರದ ಸಾಲು ನಡುವಿಗೆ ವಾಲಿತು. ವರಾಹ ಮೂರ್ತಿ ಜಾರಿ ನೆಲಕ್ಕೆ ಬಿದ್ದು ಎರಡು ಹೋಳಾಯಿತು. ಅತ್ತೆಯವರು ಏನೂ ಅನ್ನಲಿಲ್ಲ. ಹೋಳುಗಳನ್ನು ಬಟ್ಟೆಯಲ್ಲಿ ಸುತ್ತಿ ಎತ್ತಿಟ್ಟರು. ಬೈದಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಮುಂದಿನ ವರ್ಷ 18 ಮಿಲಿಮೀಟರಿನ ಹಾಳೆ ತಂದು, ಎರಡು ಅಡಿಗೊಂದರಂತೆ ರೀಪರಿನ (ಸಣ್ಣ ಮರದ ಪಟ್ಟಿಯ) ಕಾಲು ಕೊಟ್ಟು, ಹಲಗೆಯ ಮುಂದಿನ ಅಂಚಿನ ಕೆಳಗೆ ಒಂದೂವರೆ ಇಂಚಿನ ಪಟ್ಟಿಯನ್ನು ನಿಲ್ಲಿಸಿ ಹೊಡೆಸಿದೆ. ಬಾಗು ನಿಂತದ್ದು ಮುಖ್ಯವಾಗಿ ಆ ಪಟ್ಟಿಯಿಂದ. ಇಡೀ ಮೆಟ್ಟಿಲಿಗೆ ಒಂದು ಸ್ಕ್ರೂ ಸಹ ಇಲ್ಲ, ಗೋಡೆಗೆ ಒಂದು ಮೊಳೆಯೂ ಇಲ್ಲ. ನಲವತ್ತು ನಿಮಿಷದಲ್ಲಿ ಬಿಚ್ಚಿ ದಿವಾನದ ಕೆಳಗೆ ತಳ್ಳಬಹುದು. ಕಾಲು ಮತ್ತು ಹಲಗೆ ಒಂದಕ್ಕೊಂದು ಕಚ್ಚಿಕೊಳ್ಳುವ ಬಗೆಯನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದನ್ನು ಕಂಡುಕೊಳ್ಳಲು ನನಗೆ ಒಂದು ಬೇಸಿಗೆ ಹಿಡಿಯಿತು.

ಮೆಟ್ಟಿಲು ನಿಂತ ಮೇಲೆ ಅದರ ಮೇಲೆ ಯಾರ ಅಭಿರುಚಿ ನಡೆಯಬೇಕೆಂಬ ಪ್ರಶ್ನೆ ಬಂತು. ಅತ್ತೆಯವರ ಪದ್ಧತಿಯಲ್ಲಿ ಗೊಂಬೆಗಳ ಸ್ಥಾನ ಬದಲಾಗುವಂತಿಲ್ಲ. ನನಗೋ ಗಿಜಿಗಿಜಿ ಹಿಡಿಸುವುದಿಲ್ಲ. ಗೊಂಬೆ ಗೊಂಬೆಯ ನಡುವೆ ಉಸಿರಾಡುವಷ್ಟು ಜಾಗವಿರಬೇಕು, ಬಣ್ಣಗಳು ಒಂದಕ್ಕೊಂದು ಕಿರುಚಾಡಬಾರದು. ಕೊನೆಗೆ ಮೇಲಿನ ಮೂರು ಮೆಟ್ಟಿಲು ಅವರ ಕ್ರಮದಲ್ಲಿ, ಕೆಳಗಿನ ಎರಡು ನನ್ನ ಇಷ್ಟದಂತೆ ಎಂದು ಮಾಡಿಕೊಂಡೆವು. ಎರಡನ್ನೂ ಒಂದು ಮಾಡಿದ್ದು ಬಟ್ಟೆ. ಬಿಳಿಯ ಪಂಚೆಯ ಮೇಲೆ ಹಳೆಯ ಗೊಂಬೆಗಳ ಬಣ್ಣ ಮಂಕಾಗಿ ಕಾಣುತ್ತಿತ್ತು, ಕಡುಹಸಿರಿನ ಮೇಲೆ ಮರದ ಗೊಂಬೆಗಳು ಕಳೆದೇ ಹೋದವು. ಚಿಕ್ಕಪೇಟೆಯಿಂದ ಬಿಳುಪು ಮಾಡದ ಕೋರಾ ಬಟ್ಟೆ ತಂದು ಹಾಸಿದಾಗ ಎಲ್ಲವೂ ತಮ್ಮ ತಮ್ಮ ಬಣ್ಣದಲ್ಲಿ ಎದ್ದು ನಿಂತವು. ಅದನ್ನು ನೋಡಿದ ಅತ್ತೆಯವರು ಬೀರುವಿನಿಂದ ತಮ್ಮ ಹರಿದ ಮೈಸೂರು ರೇಷ್ಮೆ ಸೀರೆಯನ್ನು ತೆಗೆದುಕೊಟ್ಟು, ಅದರ ಜರಿಯಂಚನ್ನು ಪ್ರತಿ ಮೆಟ್ಟಿಲಿನ ಮುಂಭಾಗಕ್ಕೆ ಹೊಲಿಯಲು ಹೇಳಿದರು. ನಾನು ಕೇಳಿರಲಿಲ್ಲ; ಕೇಳುವ ಧೈರ್ಯವೂ ನನಗಿರಲಿಲ್ಲ.

ಕೆಳಗಿನ ಎರಡು ಮೆಟ್ಟಿಲುಗಳಲ್ಲಿ ಬಸವನಗುಡಿಯ ಕಡಲೆಕಾಯಿ ಪರಿಷೆಯನ್ನು ಮಾಡಿದೆ. ಅದು ಕಾರ್ತಿಕದ ಕೊನೆಯ ಸೋಮವಾರದ ಸಂಭ್ರಮ, ನಮ್ಮ ಮೆಟ್ಟಿಲಿಗೆ ಮುಂಚಿತವಾಗಿ ನವರಾತ್ರಿಯಲ್ಲೇ ಬಂತು. ಮೊದಲು ನಿಜವಾದ ಕಡಲೆಕಾಯಿಯನ್ನೇ ರಾಶಿ ಹಾಕಿದ್ದೆ. ನಾಲ್ಕು ಇಂಚಿನ ಚನ್ನಪಟ್ಟಣದ ಗೊಂಬೆಗಳ ಮುಂದೆ ಒಂದೊಂದು ಕಾಯಿಯೂ ಕುಂಬಳಕಾಯಿಯಂತೆ ಕಂಡಿತು, ನಾಲ್ಕನೆಯ ದಿನ ಇರುವೆಯೂ ಬಂತು. ಅಡುಗೆಮನೆಯ ಡಬ್ಬಿಗಳನ್ನೆಲ್ಲ ತೆರೆದು ನೋಡುತ್ತ ಹೋದಾಗ ಮೆಂತ್ಯ ಸಿಕ್ಕಿತು: ಅದೇ ಬಣ್ಣ, ನಡುವೆ ಕಡಲೆಕಾಯಿಗಿರುವಂಥದ್ದೇ ಒಂದು ತಗ್ಗು, ಗೊಂಬೆಗೆ ಒಪ್ಪುವ ಗಾತ್ರ. ಕಾಲು ಕಿಲೋ ಮೆಂತ್ಯದಲ್ಲಿ ಹನ್ನೆರಡು ರಾಶಿಗಳಾದವು. ಪರಿಷೆಯ ಪಕ್ಕದ ಉದ್ಯಾನಕ್ಕೆ ಅತ್ತೆಯವರ ಕಾಲದಿಂದಲೂ ರಾಗಿ ಪೈರೇ ಬೇಕು. ಫ್ಲ್ಯಾಟಿನ ನೆರಳಿನಲ್ಲಿ ಅದು ಬಿಳಿಚಿಕೊಂಡು ಉದ್ದಕ್ಕೆ ಬೆಳೆದು ಮಗುಚಿಬಿತ್ತು. ಈಗ ಎಂಟು ದಿನ ಮೊದಲೇ ತೆಂಗಿನ ನಾರಿನ ಪುಡಿಯಲ್ಲಿ ಬಿತ್ತಿ, ಪಾಡ್ಯದವರೆಗೆ ಬಾಲ್ಕನಿಯ ಬಿಸಿಲಿನಲ್ಲೇ ಇಟ್ಟು, ಅನಂತರ ದಿನವೂ ಬೆಳಿಗ್ಗೆ ಎರಡು ಗಂಟೆ ಹೊರಗಿಡುತ್ತೇನೆ. ಬೇಗ ಬೇಕಾದವರು ಸಾಸಿವೆ ಬಿತ್ತಬಹುದು, ಆದರೆ ರಾಗಿಯ ಗರಿಯ ಅಂದ ಅದಕ್ಕಿಲ್ಲ.

ಗೊಂಬೆ ಸರಿಪಡಿಸುವ ಕೆಲಸವೂ ಇದರ ಜೊತೆಗೇ ಬೆಳೆಯಿತು. ಅತ್ತೆಯವರ ಪಟ್ಟದ ರಾಣಿಯ ಎಡಗೈ ಬಹಳ ಹಿಂದೆಯೇ ಮುರಿದಿತ್ತು. ಅಂಗಡಿಯ ಎಪಾಕ್ಸಿ ಲೇಪ ಗಟ್ಟಿಯಾಗಿ ನಿಂತರೂ ಮರದ ಮೈಗೆ ಹೊಂದಲಿಲ್ಲ. ಕಿನ್ನಾಳದ ಗೊಂಬೆಗಳಲ್ಲಿ ಮರದ ಹೊಟ್ಟು ಮತ್ತು ಹುಣಸೆಯ ಅಂಟನ್ನು ಬಳಸುತ್ತಾರೆಂದು ತಿಳಿದಿದ್ದರಿಂದ, ಹುಣಸೆ ಬೀಜವನ್ನು ಹುರಿದು ಸಿಪ್ಪೆ ತೆಗೆದು ಪುಡಿ ಮಾಡಿ ಅಂಟು ಕುದಿಸಿದೆ. ಮೊದಲ ಸಲ ಮಳೆಗಾಲದಲ್ಲಿ ಬೂಷ್ಟು ಹಿಡಿಯಿತು. ಚಿಟಿಕೆ ಮೈಲುತುತ್ತ ಸೇರಿಸಿದ ಮೇಲೆ ಹಿಡಿಯಲಿಲ್ಲ. ಅದು ವಿಷವಾದ್ದರಿಂದ ಮಕ್ಕಳಿಂದ ದೂರವಿಡಬೇಕು. ರಾಣಿಯ ಕೈಯೂ ವರಾಹ ಮೂರ್ತಿಯೂ ಈಗ ಅದೇ ಅಂಟಿನಲ್ಲಿ ನಿಂತಿವೆ. ಹೊಸ ಬಣ್ಣವನ್ನು ಹಳೆಯದರಂತೆ ಮಾಗಿಸುವ ಬಗೆಯನ್ನು ನಾನು ಮಗಳಿಗೆ ಮಾತ್ರ ಹೇಳಿಕೊಟ್ಟಿದ್ದೇನೆ.

ದೀಪದ ವಿಷಯದಲ್ಲಿ ಹೇಳುವುದು ಕಡಿಮೆ. ಮಿನುಗುವ ಸೀರಿಯಲ್ ಸೆಟ್ ಬೇಡ; ಹಳದಿ ಛಾಯೆಯ ಎಲ್‌ಇಡಿ ಪಟ್ಟಿಯನ್ನು ಪ್ರತಿ ಹಲಗೆಯ ಅಂಚಿನ ಹಿಂದೆ, ಒಳಮುಖವಾಗಿ ಅಂಟಿಸಬೇಕು. ಹ್ಯಾಲೊಜೆನ್ ದೀಪವನ್ನು ಹತ್ತಿರವಿಟ್ಟು ಚನ್ನಪಟ್ಟಣದ ಎರಡು ಗೊಂಬೆಗಳ ಅರಗು ಜಿಗುಟಾಗಿ ಹಾಳಾದವು. ಅರಗು ಶಾಖಕ್ಕೆ ಮೆದುವಾಗುತ್ತದೆಂದು ತಿಳಿದೂ ಮಾಡಿದ ತಪ್ಪು ಅದು.

ಖರ್ಚಿನ ಮಾತು: 18 ಮಿಲಿಮೀಟರಿನ ಹಾಳೆಗೆ 3,200, ರೀಪರಿಗೆ 900, ಕತ್ತರಿಸಿ ಜೋಡಿಸಿದ ಕೂಲಿ 3,500, ಬಟ್ಟೆಗೆ 1,100, ದೀಪಕ್ಕೆ 700, ಒಟ್ಟು ಒಂಬತ್ತೂವರೆ ಸಾವಿರದ ಆಸುಪಾಸು. ಕಬ್ಬಿಣದ ಸ್ಟ್ಯಾಂಡಿನಲ್ಲಿ 5,500, ಬಾಗಿದ ಪ್ಲೈಗೆ 2,200 ಅದಕ್ಕೂ ಮೊದಲೇ ಕಳೆದಿದ್ದೆ.

ಈ ವರ್ಷ ಓರಗಿತ್ತಿಯವರೇ ಅಳತೆ ಕೇಳಿದರು. ಬರೆದುಕೊಡುವ ಬದಲು ಟೇಪು ಹಿಡಿದು ಅವರ ಮನೆಗೆ ಹೋದೆ. ಒಂದು ಗೋಡೆಯಲ್ಲಿ ಮೂರು ಅಡಿ, ಇನ್ನೊಂದರಲ್ಲಿ ನಾಲ್ಕು ಅಡಿ ಗುರುತು ಮಾಡಿ ಅಡ್ಡಕ್ಕೆ ಅಳೆದರೆ ಸರಿಯಾಗಿ ಐದು ಅಡಿ ಬರಬೇಕು. ಅವರ ಮನೆಯಲ್ಲಿ ಒಂದೂವರೆ ಇಂಚು ಹೆಚ್ಚು ಬಂತು. ನನ್ನ ಹಲಗೆಗಳ ಅಳತೆಯನ್ನೇ ಕೊಟ್ಟಿದ್ದರೆ ಎರಡೂ ತುದಿಗಳಲ್ಲಿ ಸಂದು ಬೀಳುತ್ತಿತ್ತು. ರಟ್ಟಿನಲ್ಲಿ ಐದೂ ಹಲಗೆಗಳ ನಮೂನೆ ಕತ್ತರಿಸಿ, ಅವರ ಮೂಲೆಯಲ್ಲಿ ಇಟ್ಟು ನೋಡಿ, ಸರಿಪಡಿಸಿ ಬಡಗಿಗೆ ಕೊಟ್ಟಿದ್ದೇವೆ. ಈ ಸಲ ನಿಲ್ಲುತ್ತದೋ ಇಲ್ಲವೋ ಎಂದು ಬಡಗಿ ಕೇಳಲಿಲ್ಲ.