58ಕ್ಕೆ ಕೈ ಮೇಲೊಂದು ತುಳಸಿಕಟ್ಟೆ

ನನ್ನ ಎಡಗೈಯ ಒಳಮಗ್ಗುಲಲ್ಲಿ, ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲೆ, ಒಂದು ತುಳಸಿಕಟ್ಟೆ ಇದೆ. ಕಸೂತಿಯ ತುಳಸಿಕಟ್ಟೆ. ಮೂರು ಇಂಚು ಎತ್ತರ, ಬರೀ ಕಪ್ಪು ಗೆರೆ. ಹಾಕಿಸಿಕೊಂಡಾಗ ನನಗೆ 58 ತುಂಬಿತ್ತು. ಅದಕ್ಕೆ ಮೊದಲು ಮೈ ಮೇಲೆ ಒಂದು ಚುಕ್ಕೆ ಹಚ್ಚೆಯೂ ಇರಲಿಲ್ಲ.

ಧಾರವಾಡದ ಸಪ್ತಾಪುರದಲ್ಲಿ ನಮ್ಮ ಮನೆ. 30 ವರ್ಷದಿಂದ ಕಸೂತಿ ಹಾಕುತ್ತೇನೆ, ಹುಡುಗಿಯರಿಗೆ ಕಲಿಸುತ್ತೇನೆ. ಈಗ ನನ್ನ ವಯಸ್ಸಿನ ಹೆಣ್ಣುಮಕ್ಕಳು ಕೈ ಹಿಡಿದು ನೋಡಿ, "ನನಗೂ ಆಸೆ ಐತ್ರಿ, ಹ್ಯಾಂಗ ಮಾಡಿದ್ರಿ?" ಅಂತ ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮವ್ವನ ಎರಡೂ ಮುಂಗೈ ತುಂಬ ಹಚ್ಚೆ ಇತ್ತು. ಅವಳ ತವರು ನವಲಗುಂದ ಕಡೆಯ ಹಳ್ಳಿ. ಸುಗ್ಗಿ ಮುಗಿದ ಮೇಲೆ ಹಚ್ಚೆ ಹಾಕುವ ಕೊರವಂಜಿ ಮನೆಮನೆಗೆ ಬರುತ್ತಿದ್ದಳಂತೆ. ಹಣತೆಯ ಮಸಿಗೆ ಸೊಪ್ಪಿನ ರಸ ಕಲಸಿ, ಮೂರ್ನಾಲ್ಕು ಸೂಜಿ ಒಟ್ಟಿಗೆ ಕಟ್ಟಿ ಚುಚ್ಚುತ್ತಿದ್ದಳು. ಹುಡುಗಿ ಅಳಬಾರದೆಂದು ಹಾಡು ಹೇಳುತ್ತಿದ್ದಳು. ಕೂಲಿ ಒಂದು ಸೇರು ಜೋಳ. ಅವ್ವ ಆಗ ಎಂಟು ವರ್ಷದವಳು. "ಸತ್ತ ಮ್ಯಾಲ ಮೈಮ್ಯಾಲಿನ ಬಂಗಾರ ಬಿಚ್ಕೋತಾರ. ಇದನ್ನ ಯಾರೂ ಬಿಚ್ಚಾಕ ಬರಂಗಿಲ್ಲ" ಅನ್ನುತ್ತಿದ್ದಳು.

ನಾನು ಶಾಲೆಗೆ ಹೋಗುವ ಹೊತ್ತಿಗೆ, 1970ರ ದಶಕದ ಕೊನೆಗೆ, ನಮ್ಮ ಓಣಿಯಲ್ಲಿ ಹಚ್ಚೆ ಅಂದರೆ ಹಳೇ ಕಾಲದ್ದು ಅಂತ ಆಗಿಬಿಟ್ಟಿತ್ತು. ಅಪ್ಪ ಬೇಡ ಅಂದರು, ನಾನೂ ಕೇಳಲಿಲ್ಲ. ಬೇಕು ಅನಿಸಿದ್ದು ಅವ್ವ ಹೋದ ಮೇಲೆ. ಅವಳ ಚಂದ್ರಕಾಳಿ ಸೀರೆಯನ್ನು ಟ್ರಂಕಿನಿಂದ ತೆಗೆದು ಹರವಿದೆ. ಕಪ್ಪು ಬಟ್ಟೆ ಮಡಿಕೆ ಮಡಿಕೆಗೆ ಸೀಳಿತ್ತು. ಅವಳೇ ಕೂತು ಹಾಕಿದ ಬಿಳಿ ದಾರದ ತುಳಸಿಕಟ್ಟೆ ಮಾತ್ರ ಒಂದು ಹೊಲಿಗೆಯೂ ಕಿತ್ತಿರಲಿಲ್ಲ. ಆ ಬಟ್ಟೆಯನ್ನು ಇನ್ನು ಉಳಿಸಲು ಆಗುವುದಿಲ್ಲ ಅಂತ ಗೊತ್ತಾಯಿತು. ಅವತ್ತೇ ತೀರ್ಮಾನ ಮಾಡಿದೆ.

ಮೊದಲು ಹೋದದ್ದು ಡಾಕ್ಟರ ಹತ್ತಿರ. ನನಗೆ ಶುಗರ್ ಇದೆ. ಶುಗರ್ ಜಾಸ್ತಿ ಇದ್ದರೆ ಗಾಯ ನಿಧಾನ ಮಾಯುತ್ತದೆ, ಕೀವಾಗುವ ಭಯವೂ ಹೆಚ್ಚು. ಹಚ್ಚೆ ಅಂದರೂ ಗಾಯವೇ ಅಲ್ವಾ? ಎಚ್‌ಬಿಎ1ಸಿ ಅನ್ನುವ ಶುಗರ್ ಪರೀಕ್ಷೆಯಲ್ಲಿ 8.2 ಬಂತು. "7ರ ಹತ್ರ ತಂದ್ಕೊಂಡು ಬರ್ರಿ, ಆಮ್ಯಾಲ ನೋಡೂಣು" ಅಂದರು. ಆ ಪರೀಕ್ಷೆ ನೋಡುವುದು ರಕ್ತದ ಕೆಂಪು ಕಣಕ್ಕೆ ಅಂಟಿದ ಸಕ್ಕರೆಯನ್ನು. ಆ ಕಣ ಬದುಕುವುದು ಸುಮಾರು 120 ದಿನ, ಅದಕ್ಕೇ ಅದು ಎರಡು ಮೂರು ತಿಂಗಳ ಲೆಕ್ಕ ಹೇಳುತ್ತದೆ. ಹಾಗಾಗಿ ಒಂದು ವಾರ ಸಕ್ಕರೆ ಬಿಟ್ಟರೆ ನಡೆಯುವುದಿಲ್ಲ. ಮೂರು ತಿಂಗಳು ದಿನಾ ಕೆಲಗೇರಿ ಕೆರೆಯ ಕಡೆ ನಡೆದೆ, ರಾತ್ರಿ ಅನ್ನ ಬಿಟ್ಟೆ. 7.0ಕ್ಕೆ ಇಳಿಯಿತು. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರು ಅದನ್ನೂ ಡಾಕ್ಟರಿಗೆ ಹೇಳಬೇಕು. ತಾವಾಗೇ ಮಾತ್ರೆ ನಿಲ್ಲಿಸಬಾರದು, ಇದನ್ನು ಕೈ ಮುಗಿದು ಹೇಳುತ್ತೇನೆ.

ಆ ಮೂರು ತಿಂಗಳಲ್ಲಿ ಅಂಗಡಿ ಹುಡುಕಿದೆ. ಹುಬ್ಬಳ್ಳಿಯಲ್ಲಿ ಮೊದಲು ಹೋದ ಕಡೆ ಮಷಿನ್‌ಗೆ ಸೂಜಿ ಆಗಲೇ ಹಾಕಿಟ್ಟಿದ್ದರು. ಯಾವಾಗ ಬಿಚ್ಚಿದ್ದು ಅಂತ ಕೇಳಿದೆ. "ಈಗಷ್ಟ ರೀ" ಅಂದರು. ಎದ್ದು ಬಂದೆ. ಜಾತ್ರೆಯಲ್ಲಿ ಒಂದೇ ಸೂಜಿಯಲ್ಲಿ ಸಾಲಾಗಿ ಹತ್ತು ಜನಕ್ಕೆ ಚುಚ್ಚುವುದನ್ನು ನೋಡಿದ್ದೇನೆ. ಹೆಪಟೈಟಿಸ್ ಬಿ, ಸಿ, ಎಚ್‌ಐವಿ ಎಲ್ಲ ಹೀಗೇ ದಾಟಬಹುದು. ನಮ್ಮಲ್ಲಿ ಹಚ್ಚೆ ಹಾಕಿಸಿಕೊಂಡವರು 12 ತಿಂಗಳು ರಕ್ತದಾನ ಮಾಡುವ ಹಾಗಿಲ್ಲ, ಅದೂ ಇದೇ ಕಾರಣಕ್ಕೆ.

ಎರಡನೆಯದು ವಿದ್ಯಾನಗರದಲ್ಲಿ. ನನ್ನ ಮಗನಿಗಿಂತ ಸಣ್ಣ ಹುಡುಗ. "ತಮ್ಮಾ, ಹೊಸಾದು ಬ್ಯಾಡ, ಹಾಕಿ ಎರಡು ಮೂರು ವರ್ಷ ಆಗಿರೂದು ತೋರ್ಸು" ಅಂದೆ. ಅವತ್ತೇ ಹಾಕಿದ್ದರ ಫೋಟೋದಲ್ಲಿ ಎಲ್ಲ ಗೆರೆಯೂ ಚೂಪಾಗೇ ಕಾಣುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಅವನು ತನ್ನ ತಾಯಿಯ ಕೈಗೆ ಹಾಕಿದ್ದನ್ನು ತೋರಿಸಿದ. ನಾಲ್ಕು ವರ್ಷವಾಗಿದ್ದರೂ ಗೆರೆ ಗೆರೆಯಾಗೇ ಇತ್ತು. ಅಲ್ಲೇ ಒಪ್ಪಿಕೊಂಡೆ.

ಇನ್ನು ಚಿತ್ರ. ನನಗೆ ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ಇದೇ.

ಕಸೂತಿಯಲ್ಲಿ ಬಟ್ಟೆ ಮೇಲೆ ಗೆರೆ ಎಳೆದುಕೊಳ್ಳುವುದಿಲ್ಲ, ಎಳೆ ಎಣಿಸಿ ಹಾಕುತ್ತೇವೆ. ಅವ್ವನ ತುಳಸಿಕಟ್ಟೆ ಬುಡದಿಂದ ತುದಿಗೆ 31 ಹೊಲಿಗೆ, ಒಂದೂವರೆ ಇಂಚು ಎತ್ತರ. ನಾನು ಅಷ್ಟನ್ನೇ ಕೈಗೆ ಹಾಕಿಸಿಕೊಳ್ಳಬೇಕು ಅಂತ ಹಠ ಹಿಡಿದಿದ್ದೆ. ಹುಡುಗ ತಲೆ ಅಲ್ಲಾಡಿಸಿದ. "ಅಮ್ಮಾರ, ಇಷ್ಟು ಒತ್ತಾಗಿ ಹಾಕಿದ್ರ ಮುಂದ ಎಲ್ಲಾ ಕೂಡಿ ಒಂದ ಕಪ್ಪು ಕಲಿ ಆಕ್ಕೈತ್ರಿ."

ಅವನು ಬಿಡಿಸಿ ಹೇಳಿದ ಮೇಲೆ ತಿಳಿಯಿತು. ಬಣ್ಣ ಕೂರುವುದು ಮೇಲಿನ ಚರ್ಮದಲ್ಲಿ ಅಲ್ಲ, ಅದು ಉದುರಿ ಉದುರಿ ಹೊಸದಾಗುತ್ತಿರುತ್ತದೆ. ಅದರ ಕೆಳಗಿನ ಪದರದಲ್ಲಿ, ಒಂದೆರಡು ಮಿಲಿಮೀಟರ್ ಆಳದಲ್ಲಿ ಬಣ್ಣ ನಿಲ್ಲುತ್ತದೆ. ಮೈಯ ಕಾವಲು ಕಣಗಳು ಆ ಬಣ್ಣವನ್ನು ನುಂಗಿ ಅಲ್ಲೇ ಕೂತಿರುತ್ತವೆ. ಒಂದು ಸತ್ತರೆ ಅದು ಬಿಟ್ಟ ಬಣ್ಣವನ್ನು ಇನ್ನೊಂದು ನುಂಗುತ್ತದೆ. ಹೀಗೆ ವರ್ಷ ಕಳೆದಂತೆ ಗೆರೆ ಸ್ವಲ್ಪ ಸ್ವಲ್ಪ ದಪ್ಪವಾಗುತ್ತದೆ. ನಮ್ಮ ವಯಸ್ಸಿನವರ ಚರ್ಮ ತೆಳು, ಬಿಗಿಯೂ ಕಡಿಮೆ. ಸೂಜಿ ಕೊಂಚ ಆಳಕ್ಕೆ ಇಳಿದರೂ ಬಣ್ಣ ಅಕ್ಕಪಕ್ಕ ಹರಡುತ್ತದೆ. ಅವ್ವನ ಕೈ ನೆನಪಾಯಿತು. ಚುಚ್ಚಿದ್ದು ಕಪ್ಪು ಮಸಿ, ಕಾಣುತ್ತಿದ್ದದ್ದು ಹಸಿರು. ಕಡೆಗಾಲಕ್ಕೆ ಅದು ಚೇಳೋ ಹೂವೋ ಅಂತ ಅವಳೇ ಹೇಳಬೇಕಿತ್ತು.

ಮನೆಗೆ ಬಂದು ಗ್ರಾಫ್ ಹಾಳೆ ಹಿಡಿದು ಕೂತೆ. ಒಂದು ಹೊಲಿಗೆಗೆ 4 ಮಿಲಿಮೀಟರ್ ಅಂತ ಇಟ್ಟುಕೊಂಡರೆ ಮೂರು ಇಂಚಿನಲ್ಲಿ 19 ಹೊಲಿಗೆ ಹಿಡಿಯುತ್ತವೆ. 31ನ್ನು 19ಕ್ಕೆ ಇಳಿಸಬೇಕು. ಯಾವುದನ್ನು ಬಿಡಲಿ? ಪಕ್ಕದ ಎರಡು ದೀಪ ಬಿಟ್ಟೆ. ಒಳಗಿನ ಸಣ್ಣ ಚೌಕಗಳನ್ನು ಬಿಟ್ಟೆ. ಕಟ್ಟೆಯ ಮೆಟ್ಟಿಲು, ನಡುವಿನ ಗೂಡು, ಮೇಲಿನ ಮೂರು ಎಸಳು ಉಳಿಸಿಕೊಂಡೆ. ನಾಲ್ಕು ಸಂಜೆ ಹಿಡಿಯಿತು. ಒಂದೊಂದು ಹೊಲಿಗೆ ಅಳಿಸುವಾಗಲೂ ಅವ್ವನ ಕೈಗೆ ಅಡ್ಡ ಬಂದ ಹಾಗೆ ಆಗುತ್ತಿತ್ತು. ಆದರೆ ಬಟ್ಟೆ ಬೇರೆ, ಮೈ ಬೇರೆ. ಗೆರೆಗಳ ನಡುವೆ ಜಾಗ ಬಿಡದಿದ್ದರೆ ನನ್ನ ಕಣ್ಣೆದುರೇ ತುಳಸಿಕಟ್ಟೆ ಮುಚ್ಚಿಹೋಗುತ್ತದೆ. ವಯಸ್ಸಾದ ಮೇಲೆ ಹಾಕಿಸಿಕೊಳ್ಳುವವರಿಗೆ ನಾನು ಹೇಳುವ ದೊಡ್ಡ ಮಾತು ಇದೊಂದೇ: ಚಿತ್ರ ದೊಡ್ಡದಾಗಲಿ, ಗೆರೆ ಕಡಿಮೆಯಾಗಲಿ.

ಹುಡುಗ ಅದನ್ನು ಕಂಪ್ಯೂಟರಿಗೆ ಹಾಕಿದಾಗ ಇನ್ನೊಂದು ತೊಂದರೆ ಆಯಿತು. ಮೆಟ್ಟಿಲುಗಳೆಲ್ಲ ನುಣ್ಣಗೆ ಓರೆ ಗೆರೆಯಾಗಿದ್ದವು. ಚಂದವೇ ಇತ್ತು, ಆದರೆ ಅದು ಕಸೂತಿ ಅಲ್ಲ. ಮುರ್ಗಿ ಹೊಲಿಗೆ ಅಂದರೆ ಮೆಟ್ಟಿಲು ಮೆಟ್ಟಿಲಾಗಿಯೇ ಏರಬೇಕು. ನನ್ನ ಚೀಲದಲ್ಲಿದ್ದ ಬಟ್ಟೆ ತುಂಡು ತೆಗೆದು, ಸೂಜಿ ಹಿಡಿದು ಅವನೆದುರೇ ಹಾಕಿ ತೋರಿಸಿದೆ. ಗವಂತಿಯನ್ನೂ ತೋರಿಸಿದೆ: ಹೋಗುವಾಗ ಒಂದು ಹೊಲಿಗೆ ಬಿಟ್ಟು ಒಂದು ಹಾಕುತ್ತಾ ಹೋಗುತ್ತೇವೆ, ಬರುವಾಗ ಬಿಟ್ಟದ್ದನ್ನು ತುಂಬುತ್ತಾ ಬರುತ್ತೇವೆ, ಗಂಟು ಹಾಕುವುದಿಲ್ಲ, ಎರಡೂ ಮಗ್ಗುಲು ಒಂದೇ ಥರ ಕಾಣುತ್ತದೆ. ಅವನು ಬಟ್ಟೆ ತಿರುವಿ ತಿರುವಿ ನೋಡಿದ. ಮೂಲೆಗಳನ್ನೆಲ್ಲ ಮತ್ತೆ ಕೈಯಲ್ಲೇ ತಿದ್ದಿದ.

ದಿನ ಇಟ್ಟುಕೊಂಡದ್ದು ಡಿಸೆಂಬರಿನಲ್ಲಿ. ಹುಬ್ಬಳ್ಳಿಯ ಏಪ್ರಿಲ್ ಬಿಸಿಲಿಗೆ ಬೆವರಿ ಗಾಯ ಹಸಿಯಾಗಬಾರದು ಅಂತ. ಹೊಟ್ಟೆ ತುಂಬ ತಿಂದು, ನಮ್ಮನೆಯವರ ಜೊತೆ ಚಿಗರಿ ಬಸ್ಸು ಹತ್ತಿದೆ. ಮಗ ಬೆಂಗಳೂರಿನಿಂದ ಫೋನ್ ಮಾಡಿ, "ಅವ್ವಾ, ಈಗ್ಯಾಕ ಬೇಕಿತ್ತು?" ಅಂದ. "ಈಗ ಬೇಕಾಗೇತಪಾ" ಅಂದೆ.

ಹುಡುಗ ಹೊಸ ರೇಜರಿನಲ್ಲಿ ಕೂದಲು ತೆಗೆದ, ಸ್ವಚ್ಛ ಮಾಡಿದ, ನೇರಳೆ ಬಣ್ಣದ ಅಚ್ಚು ಒತ್ತಿದ. ಕೈ ಚಾಚಿದಾಗ ನೆಟ್ಟಗಿದ್ದ ಕಟ್ಟೆ ಕೈ ಇಳಿಬಿಟ್ಟಾಗ ಸೊಟ್ಟ ಕಾಣುತ್ತಿತ್ತು. ಅಳಿಸಿ, ನಿಂತು, ಕೈ ಸುಮ್ನೆ ಇಳಿಬಿಟ್ಟು ಮತ್ತೆ ಒತ್ತಿಸಿಕೊಂಡೆ. ಮೂರನೇ ಸಲಕ್ಕೆ ಸರಿಹೋಯಿತು. ಸೂಜಿಯ ಪ್ಯಾಕೆಟ್ ನನ್ನೆದುರೇ ಒಡೆದ, ತಾರೀಖು ತೋರಿಸಿದ. ಬಣ್ಣವನ್ನು ಬೆರಳುಟೋಪಿಯಷ್ಟು ಬಟ್ಟಲಿಗೆ ಬಗ್ಗಿಸಿದ, ಉಳಿದದ್ದನ್ನು ಕೊನೆಗೆ ಚೆಲ್ಲಿದ.

ನೋವು? ಒಗ್ಗರಣೆ ಎಣ್ಣೆ ಸಾಲಾಗಿ ಸಿಡಿದ ಹಾಗೆ. ಮಣಿಕಟ್ಟಿನ ಕಡೆ ಜಾಸ್ತಿ, ಮೇಲೆ ಕಡಿಮೆ. ಅವನ ಎಡಗೈ ನನ್ನ ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿದೇ ಇತ್ತು. ಒಂದು ಗೆರೆ ಎಳೆದ ಮೇಲೆ ಅದರ ಮೇಲೆ ಮತ್ತೆ ಹೋಗಲಿಲ್ಲ. ನಾನು ಹೊಲಿಗೆ ಎಣಿಸುತ್ತಾ ಕೂತೆ. ಎರಡು ತಾಸು ಹಿಡಿಯಿತು.

ಆಮೇಲೆ ದಿನಕ್ಕೆ ಎರಡು ಸಲ ವಾಸನೆಯಿಲ್ಲದ ಸಾಬೂನಿನಲ್ಲಿ ತೊಳೆದು, ಒತ್ತಿ ಒರೆಸಿ, ಅವರು ಕೊಟ್ಟ ಮುಲಾಮು ತೆಳ್ಳಗೆ ಹಚ್ಚಿದೆ. ವೈನಿ ಬಂದು "ಅರಿಷಿಣ ಹಚ್ಚ" ಅಂದರು, ಹಚ್ಚಲಿಲ್ಲ. ಬಿಸಿಲಿಗೆ ಹೋಗುವಾಗ ಸೆರಗು ಮುಚ್ಚಿಕೊಂಡೆ. ಐದನೇ ದಿನಕ್ಕೆ ತೆಳು ಹಕ್ಕಳೆ ಕಟ್ಟಿ ನವೆ ಶುರುವಾಯಿತು. ಕೆರೆಯಲಿಲ್ಲ, ಅಂಗೈಯಿಂದ ಮೆತ್ತಗೆ ತಟ್ಟಿಕೊಂಡೆ.

ಏಳನೇ ದಿನ ರೊಟ್ಟಿ ಬಡಿಯುತ್ತಿದ್ದೆ. ಹಿಟ್ಟಿನ ಡಬ್ಬಿ ತೆಗೆಯಲು ಹೋಗಿ ಕೈ ಕಪಾಟಿನ ಅಂಚಿಗೆ ತಾಗಿತು. ಎಡಗಡೆಯ ಒಂದು ಮೆಟ್ಟಿಲಿನ ಹಕ್ಕಳೆ ಕಿತ್ತು ಬಂತು, ಅದರ ಜೊತೆ ಬಣ್ಣವೂ. ಮೂರು ವಾರಕ್ಕೆ ಉಳಿದದ್ದೆಲ್ಲ ಮಾಯ್ದು ಕಪ್ಪಗೆ ನಿಂತಾಗ ಅಲ್ಲಿ ಒಂದು ಹೊಲಿಗೆ ಖಾಲಿ. ಕಣ್ಣಿಗೆ ಮೊದಲು ಬೀಳುತ್ತಿದ್ದದ್ದೇ ಅದು. ಕೂಡಲೇ ಹೋಗಬೇಕು ಅನಿಸಿತು. ಒಳಗಿನ ಚರ್ಮ ಪೂರ್ತಿ ಮಾಯಲು ಇನ್ನೂ ಸಮಯ ಬೇಕು, ಅವಸರ ಬೇಡ ಅಂತ ಹುಡುಗ ಹೇಳಿದ. ಏಳು ವಾರ ಕಾದೆ.

ಮತ್ತೆ ವಿದ್ಯಾನಗರಕ್ಕೆ ಹೋದಾಗ ಅವನು ಹೊಸ ಸೂಜಿ ಒಡೆಯುತ್ತಾ, "ಅಮ್ಮಾರ, ಗವಂತಿ ಬರೂ ಸಾಲು ಇದು" ಅಂದ. ಎಡದಿಂದ ಮೂರನೇ ಮೆಟ್ಟಿಲು, 4 ಮಿಲಿಮೀಟರ್. ಎರಡು ನಿಮಿಷ ಹಿಡಿಯಲಿಲ್ಲ.