ಹಲಸಿನ ಮೇಜು, ಅರಗಿನ ಪಾಲಿಶ್, ಆಷಾಢದ ಮಳೆ

ಅಕ್ಕನಿಗೆ ಊಟದ ಮೇಜು ಮಾಡಿಕೊಡುತ್ತೇನೆ ಎಂದಾಗ ಮರದ ಚಿಂತೆ ಇರಲಿಲ್ಲ. ಹಿತ್ತಲಿನ ಹಲಸಿನ ಮರ ಗಾಳಿಗೆ ಬಿದ್ದು ಎರಡು ವರ್ಷವಾಗಿತ್ತು. ಒಂದು ಇಂಚಿನ ಹಲಗೆ ಕೊಯ್ಸಿ, ನಡುನಡುವೆ ಪಟ್ಟಿ ಕೊಟ್ಟು, ಕೊಟ್ಟಿಗೆಯ ಅಟ್ಟದಲ್ಲಿ ಪೇರಿಸಿದ್ದೆ. ಇಂಚು ದಪ್ಪಕ್ಕೆ ಒಂದು ವರ್ಷ ಒಣಗಲಿ ಅನ್ನುತ್ತಾರೆ. ನಮ್ಮ ಮಲೆನಾಡಿನ ತೇವಕ್ಕೆ ಇನ್ನೊಂದು ವರ್ಷ ಕೊಟ್ಟಿದ್ದೆ.

ಜೋಡಿಸುವ ಕೆಲಸ ತೊಂದರೆ ಇಲ್ಲದೆ ಮುಗಿಯಿತು. ಮೇಲಿನ ಹಲಗೆಯನ್ನು ಚೌಕಟ್ಟಿಗೆ ಅಂಟಿಸಲಿಲ್ಲ. ಉದ್ದ ತೂತು ಕೊರೆದು ಸ್ಕ್ರೂ ಹಾಕಿದೆ. ಮಳೆಗಾಲದಲ್ಲಿ ಹಲಗೆ ಅಡ್ಡಕ್ಕೆ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಅದಕ್ಕೆ ಜಾಗ ಬಿಡದಿದ್ದರೆ ಎಲ್ಲೋ ಒಂದು ಕಡೆ ಸೀಳು ಬಿಡುವುದು ಖಂಡಿತ.

ನನ್ನನ್ನು ಸತಾಯಿಸಿದ್ದು ಪಾಲಿಶ್. ಪೇಟೆಯಲ್ಲಿ ಎಲ್ಲರೂ ಪಿಯು (ಪಾಲಿಯುರೆಥೇನ್), ಮೆಲಮೈನ್ ಎಂಬ ರಾಸಾಯನಿಕ ಪಾಲಿಶ್ ಅಂದರು. ನನಗೆ ಅರಗೇ ಬೇಕಿತ್ತು. ಹೊಸ ಹಲಸಿನ ಹಳದಿ ಬಣ್ಣ ವರ್ಷ ಕಳೆದಂತೆ ಜೇನಿನ ಕಂದಿಗೆ ತಿರುಗುತ್ತದಲ್ವಾ, ಆ ಬಣ್ಣಕ್ಕೆ ಅರಗು ಕೊಡುವ ಹೊಳಪನ್ನು ಬೇರೆ ಯಾವುದೂ ಕೊಟ್ಟಿದ್ದು ನಾನು ನೋಡಿಲ್ಲ. ಮುತ್ತುಗ, ಬೋರೆ ಮರಗಳ ರೆಂಬೆ ಮೇಲೆ ಸಣ್ಣ ಕೀಟಗಳು ಬಿಡುವ ಅಂಟು ಅದು. ಚನ್ನಪಟ್ಟಣದ ಗೊಂಬೆಗೆ ಬಣ್ಣ ಕೂರಿಸುವುದೂ ಅರಗೇ. ತಿರುಗುವ ಹಾಲೆ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಾಟದ ಬಿಸಿಗೆ ಕರಗಿ ಹಿಡಿಯುತ್ತದೆ. ಮೇಜಿನ ಹಲಗೆಯನ್ನು ಹಾಗೆ ತಿರುಗಿಸಲು ಆಗುವುದಿಲ್ಲ. ಅದಕ್ಕೆ ಅರಗನ್ನು ಕರಗಿಸುವ ಸ್ಪಿರಿಟ್ ಬೇಕು.

ಒಂದು ಲೀಟರ್ ಸ್ಪಿರಿಟ್‌ಗೆ 200 ಗ್ರಾಂ ಅರಗಿನ ಹಳುಕು ಹಾಕಿ ರಾತ್ರಿಯಿಡೀ ನೆನೆಸಿದೆ, ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿದೆ. ಗಾಜಿನ ಬಾಟಲಿಯೇ ಆಗಬೇಕು, ಕಬ್ಬಿಣದ ಡಬ್ಬದಲ್ಲಿಟ್ಟರೆ ಕಪ್ಪಾಗುತ್ತದೆ. ಬೇಕಾದಷ್ಟನ್ನೇ ಕಲಸಿ. ತಿಂಗಳುಗಟ್ಟಲೆ ಇಟ್ಟ ದ್ರಾವಣ ಬಳಿದರೆ ಅಂಟಂಟಾಗಿಯೇ ಉಳಿಯುತ್ತದೆ.

ಹಲಗೆಯನ್ನು 120, 180, 240 ನಂಬರ್ ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿದೆ. ಆಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಎದ್ದ ನಾರು ಒಣಗಿದ ಮೇಲೆ 240ರಲ್ಲಿ ಹಗುರವಾಗಿ ಮತ್ತೊಮ್ಮೆ ಉಜ್ಜಿದೆ. ಈ ಒರೆಸುವ ಹಂತ ಬಿಡಬೇಡಿ. ಬಿಟ್ಟರೆ ಮುಂದೆ ಯಾವಾಗಲಾದರೂ ನೀರು ಚೆಲ್ಲಿದಾಗ ಮೇಜು ಒರಟಾಗುತ್ತದೆ.

ಪಾಲಿಶ್ ಬಳಿಯಲು ಹತ್ತಿಯ ಉಂಡೆಗೆ ಅಪ್ಪನ ಹಳೇ ಪಂಚೆಯ ತುಂಡು ಸುತ್ತಿದೆ. ಸಾವಿರ ಸಲ ಒಗೆದ ಬಟ್ಟೆ, ಒಂದು ಎಳೆಯೂ ಉದುರುವುದಿಲ್ಲ. ಮೊದಲ ಮೂರು ಕೋಟ್ ಚೆನ್ನಾಗಿ ಕೂತವು. ಅಷ್ಟರಲ್ಲಿ ಆಷಾಢದ ಮಳೆ ಹಿಡಿಯಿತು. ಅಕ್ಕನ ಮನೆಯ ಗೃಹಪ್ರವೇಶ ಹತ್ತಿರ ಬಂದಿತ್ತು. ನಿಲ್ಲಿಸಬೇಕಿತ್ತು, ನಿಲ್ಲಿಸಲಿಲ್ಲ. ನಾಲ್ಕನೇ ಕೋಟ್ ಎಳೆದೆ. ಹತ್ತು ನಿಮಿಷದಲ್ಲಿ ಇಡೀ ಮೇಜಿನ ಮೇಲೆ ಹಾಲಿನ ಕೆನೆಯಂಥ ಬಿಳಿ ಪೊರೆ! ಎದೆ ಧಸಕ್ಕೆಂದಿತು.

ಕಾರಣ ಆಮೇಲೆ ತಿಳಿಯಿತು. ಸ್ಪಿರಿಟ್ ಬೇಗ ಆರುವಾಗ ಹಲಗೆಯ ಮೈ ತಣ್ಣಗಾಗುತ್ತದೆ. ಥಂಡಿ ನೀರಿನ ಲೋಟದ ಹೊರಗೆ ಹನಿ ಕೂರುವ ಹಾಗೆ, ಗಾಳಿಯ ತೇವ ಹಸಿ ಅರಗಿನೊಳಗೆ ಸಿಕ್ಕಿಕೊಳ್ಳುತ್ತದೆ. ಸ್ಪಿರಿಟ್‌ನಲ್ಲೇ ನೀರು ಸೇರಿದ್ದರೂ ಹೀಗೇ ಆಗುತ್ತದೆ.

ಅಡಿಕೆ ಒಲೆಯ ಹತ್ತಿರ ಇಟ್ಟರೆ ಒಣಗೀತು ಎಂದು ತಮ್ಮ ಹೇಳಿದ. ಖಂಡಿತ ಬೇಡ ಅಂದೆ. ಸ್ಪಿರಿಟ್ ಆವಿಗೆ ಒಂದು ಕಿಡಿ ಸಾಕು. ಸುಮ್ನೆ ಕಾದೆ. ಆರನೇ ದಿನ ಬಿಸಿಲು ಬಿತ್ತು. ಮೇಜನ್ನು ಜಗಲಿಗೆ ತಂದು, ಮೈ ಬೆಚ್ಚಗಾದ ಮೇಲೆ ಹೊಸ ಉಂಡೆಗೆ ಬರೀ ಸ್ಪಿರಿಟ್ ತಾಗಿಸಿದೆ. ಒದ್ದೆಯಲ್ಲ, ಕೈಗೆ ತಣ್ಣಗೆ ಅನ್ನಿಸುವಷ್ಟು ಮಾತ್ರ. ನಿಲ್ಲಿಸದೆ ನಾರಿನ ಉದ್ದಕ್ಕೆ ಸವರುತ್ತಾ ಹೋದೆ. ಮೇಲಿನ ಅರಗು ಸ್ವಲ್ಪ ಕರಗಿತು, ತೇವ ಹೊರಬಿತ್ತು, ಪೊರೆ ಮಾಯವಾಯಿತು. ಅಡಿಯಿಂದ ಹಲಸಿನ ಬಣ್ಣ ಮೇಲೆದ್ದು ಬಂದಾಗ ಆದ ಖುಷಿ ಇವತ್ತಿಗೂ ನೆನಪಿದೆ.

ಉಳಿದ ಕೋಟ್‌ಗಳನ್ನು ತೆಳ್ಳಗೆ ಮಾಡಿಕೊಂಡೆ, ಲೀಟರಿಗೆ 100 ಗ್ರಾಂ. ಬಿಸಿಲಿದ್ದ ದಿನ ಮಾತ್ರ, ಹತ್ತು ಗಂಟೆಯಿಂದ ಮೂರರೊಳಗೆ. ಉಂಡೆ ಹಲಗೆಗೆ ಅಂಟಿ ಎಳೆಯತೊಡಗಿದರೆ ಅದಕ್ಕೆ ಒಂದೇ ಹನಿ ಅಗಸೆ ಎಣ್ಣೆ. ಎಂಟ್ಹತ್ತು ಕೋಟ್‌ಗೆ ಎರಡು ವಾರ ಹಿಡಿಯಿತು. ಮೇಜು ಗೃಹಪ್ರವೇಶಕ್ಕೆ ತಲುಪಲಿಲ್ಲ, ಅಕ್ಕ ಚಾಪೆ ಹಾಸಿಯೇ ಊಟ ಬಡಿಸಿದಳು.

ಅರಗು ಬಿಸಿ ತಡೆಯುವುದಿಲ್ಲ, ಇದನ್ನು ಮೊದಲೇ ಹೇಳಿಬಿಡಬೇಕು. ಕಳೆದ ವರ್ಷ ಭಾವ ಬಿಸಿ ಕಾಫಿ ಲೋಟ ನೇರ ಇಟ್ಟು ಬಿಳಿ ಬಳೆ ಮೂಡಿಸಿದ್ದರು. ಪಿಯು ಆಗಿದ್ದರೆ ಅಷ್ಟು ಸುಲಭಕ್ಕೆ ಗುರುತು ಬೀಳುತ್ತಿರಲಿಲ್ಲ, ನಿಜ. ಬಿದ್ದಿದ್ದರೆ ರಿಪೇರಿಗೆ ಇಡೀ ಹಲಗೆ ಉಜ್ಜಬೇಕಾಗುತ್ತಿತ್ತು. ಅರಗಿನ ಹೊಸ ಕೋಟ್ ಹಳೆಯದರೊಳಗೆ ಕರಗಿ ಒಂದಾಗುತ್ತದೆ. ನಾನು ಜೇಬಿನಲ್ಲಿ ಸ್ಪಿರಿಟ್‌ನ ಸಣ್ಣ ಬಾಟಲಿ, ಆ ಪಂಚೆಯ ಇನ್ನೊಂದು ತುಂಡು ಇಟ್ಟುಕೊಂಡು ಹೋದೆ. ಅಕ್ಕ ಇನ್ನೊಂದು ಲೋಟ ಕಾಫಿ ಮಾಡಿ ತರುವಷ್ಟರಲ್ಲಿ ಬಳೆ ಹೋಗಿತ್ತು.